ಹೊಳೆಯ ದಾರಿಯಲ್ಲಿ ಕಂಡವರು

ನಮ್ಮ ಗೃಹಸ್ಥರಿಗೆ ನದಿಯೊಡನೆ ಇರುವ ವ್ಯವಹಾರವು ಬಹುಮಟ್ಟಿಗೆ ಎರಡೇ ಬಗೆಯದು. ಒಂದು ಮೀಯುವುದು, ಇನ್ನೊಂದು ದಾಟುವುದು. ಪರ್ವಕಾಲ ಬಂದರೆ ಮೂರು ಮುಳುಗು ಹಾಕಿ ಒದ್ದೆ ಬಟ್ಟೆಯನ್ನು ಹಿಂಡಿಕೊಂಡು ಹಿಂದಿರುಗುತ್ತೇವೆ. ಆಚೆಯ ದಡದಲ್ಲಿ ನೆಂಟರಿದ್ದರೆ ದಾಟುತ್ತೇವೆ. ನೀರು ಹೋಗುವ ಕಡೆಗೆ ತಾವೂ ಎರಡು ದಿನ ಹೋಗಿ ನೋಡಬೇಕೆಂದು ಮನೆಯಿಂದ ಹೊರಟವರನ್ನು ಜನರು ಸ್ವಲ್ಪ ವಿಚಿತ್ರವಾಗಿಯೇ ನೋಡುವರು. ನಮ್ಮನ್ನೂ ಹಾಗೆಯೇ ನೋಡಿದರು. ಮೂವತ್ತೇಳು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟ ನಮಗೆ ರಜೆಗಳಿಗೆ ಕೊರತೆಯಿರಲಿಲ್ಲ. ಈಜು ಮಾತ್ರ ಅಷ್ಟಾಗಿ ಬರುತ್ತಿರಲಿಲ್ಲ. ಆದುದರಿಂದ ಪ್ರತಿಯೊಂದು ಸಲವೂ ಪ್ರಾಣವನ್ನು ಯಾರಾದರೊಬ್ಬ ಅಂಬಿಗನ ಕೈಗೆ ಒಪ್ಪಿಸಿಯೇ ನೀರಿಗೆ ಇಳಿದೆವು. ಹೊಳೆಯ ಸೌಂದರ್ಯವನ್ನು ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಆ ಕೈಗಳ ಸಂಗತಿಯನ್ನು.

ಮೊದಲು ವಾಹನದ ಮಾತು. ಹರಿಗೋಲನ್ನು ಕಾಣದ ವಾಚಕರು ದೊಡ್ಡದೊಂದು ಬಿದಿರಿನ ಮಂಕರಿಯನ್ನು ನೆನೆದುಕೊಂಡರೆ ಸಾಕು. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು, ಅಂಚನ್ನು ದಪ್ಪನಾಗಿ ಬಿಗಿದು, ಹೊರಮೈಗೆ ಹಿಂದಿನ ಕಾಲದಲ್ಲಿ ಎಮ್ಮೆಯ ತೊಗಲನ್ನು ಹೊದಿಸುತ್ತಿದ್ದರು. ತೊಗಲಿನ ಕಾಲ ಹೋಗಿ ಚೀಲದ ಬಟ್ಟೆಯೂ ಡಾಂಬರೂ ಬಂದವು. ಪ್ಲಾಸ್ಟಿಕ್ ಹಾಳೆಯೂ ಬಂದಿತು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಂಬಿಗನು ಅಂಚಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಒಂದೇ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುವನು. ಸೆಳೆತದ ಹದ ತಪ್ಪಿತೋ, ಬುಗುರಿಯಂತೆ ತಿರುಗತೊಡಗುವುದು. ಗೇಣುದ್ದ ನೀರಿದ್ದರೂ ತೇಲುವುದು, ಬಂಡೆ ತಗುಲಿದರೆ ಬಿರಿಯದೆ ಬಾಗಿಕೊಡುವುದು ಅದರ ಗುಣಗಳು. ಮರದ ದೋಣಿಯು ಹೋಳಾಗುವ ಕಡೆಯಲ್ಲಿ ಈ ಮಂಕರಿಯು ಮೈ ತಗ್ಗಿಸಿ ನುಸುಳಿಕೊಂಡು ಹೋಗುತ್ತದೆ.

ರಘುವಂಶದ ಆರಂಭದಲ್ಲಿ ಕಾಳಿದಾಸನು ತನ್ನ ಅಲ್ಪಮತಿಯನ್ನು ಹೇಳಿಕೊಳ್ಳುತ್ತ, ಉಡುಪವೊಂದನ್ನು ನಂಬಿ ಸಾಗರವನ್ನು ದಾಟಬಯಸಿದವನಿಗೆ ತನ್ನನ್ನು ಹೋಲಿಸಿಕೊಳ್ಳುವುದು ಓದಿದವರಿಗೆಲ್ಲ ಗೊತ್ತೇ ಇದೆ. ಉಡುಪವೆಂದರೆ ತೆಪ್ಪವೆಂದು ಸಾಮಾನ್ಯವಾದ ಅರ್ಥ. ಆದರೆ ವ್ಯಾಖ್ಯಾನಕಾರನಾದ ಮಲ್ಲಿನಾಥನು ತೊಗಲು ಹೊದಿಸಿದ ನಾವೆ ಎಂಬ ಇನ್ನೊಂದು ಅರ್ಥವನ್ನೂ ಕೋಶದ ಆಧಾರದೊಡನೆ ಕೊಡುತ್ತಾನೆ. ಅದನ್ನು ಹಿಡಿದು ನಾವು ತರಗತಿಯಲ್ಲಿ ಉಡುಪವನ್ನು ಹರಿಗೋಲೆಂದೇ ಹೇಳುತ್ತಿದ್ದೆವು. ಹೊಳೆಯ ದಡದಿಂದ ಬರುತ್ತಿದ್ದ ಹುಡುಗರು, "ಹರಿಗೋಲಿನಲ್ಲಿ ಸಮುದ್ರಕ್ಕೆ ಹೋದರೆ ಸುತ್ತುತ್ತಲೇ ಇರಬೇಕಾದೀತು ಸಾರ್" ಎಂದು ನಗುತ್ತಿದ್ದರು. ಕವಿಯ ವಿನಯವು ಎಷ್ಟು ದೊಡ್ಡದೆಂಬುದು ಆ ಹುಡುಗರಿಗೆ ತಿಳಿದಷ್ಟು ಬೇಗ ಪೇಟೆಯ ಹುಡುಗರಿಗೆ ತಿಳಿದುದನ್ನು ನಾವು ಕಾಣೆವು.

ಹಂಪೆಗೂ ಆನೆಗೊಂದಿಗೂ ನಡುವೆ ತುಂಗಭದ್ರೆಯಲ್ಲಿ ಆಡುವ ಹರಿಗೋಲುಗಳನ್ನು ಯಾತ್ರೆಗೆ ಹೋದವರೆಲ್ಲ ಕಂಡಿರುವರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇವುಗಳನ್ನೇ ಕಂಡು, ಹದಿನೈದು ಇಪ್ಪತ್ತು ಜನರನ್ನು ಹೊರುವ, ನೇರವಾಗಿ ಹೋಗಲಾರದೆ ಸುತ್ತುತ್ತ ಸಾಗುವ ದುಂಡು ದೋಣಿಗಳೆಂದು ಬರೆದಿಟ್ಟಿದ್ದಾನೆ. ಅಲ್ಲಿ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತುದನ್ನು ಪತ್ರಿಕೆಯಲ್ಲಿ ಓದಿದ ದಿನ ನಮಗೆ ಊಟ ಸೇರಲಿಲ್ಲ. ಆದರೆ ತುಂಗಭದ್ರೆಯಲ್ಲಿ ನಾವು ಮಾಡಿದುದು ಬರಿಯ ದಾಟುವಿಕೆ. ಹೊಳೆಯೊಡನೆ ಹೋದುದು ಕಾವೇರಿಯಲ್ಲಿ.

1988ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ, ನಾವೂ ನಮ್ಮ ಇಬ್ಬರು ಸಹೋದ್ಯೋಗಿಗಳೂ ಮುತ್ತತ್ತಿಗೆ ಹೋದೆವು. ಸೀತಾದೇವಿಯ ಮೂಗುತಿಯ ಮುತ್ತು ಅಲ್ಲಿ ಹೊಳೆಗೆ ಬಿದ್ದಾಗ ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ತೆಗೆದುಕೊಟ್ಟನೆಂದು ಸ್ಥಳಪುರಾಣ. ಮುತ್ತೆತ್ತರಾಯನೆಂಬ ಹೆಸರು ಆ ಸ್ವಾಮಿಗೆ ಹಾಗೆ ಬಂದಿತು. ಬಾಲ ತಿರುವಿದ ಕಡೆಯಲ್ಲೆಲ್ಲ ಇಂದಿಗೂ ಸುಳಿಯಿದೆಯೆಂದು ಅಲ್ಲಿನವರು ಹೇಳುತ್ತಾರೆ. ಅಲ್ಲಿಂದ ಕೆಳಕ್ಕೆ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದವರೆಗೆ, ಎರಡು ದಡದಲ್ಲಿಯೂ ಕಾಡು. ಅದರ ಹಿಂದಿನ ವರ್ಷವಷ್ಟೇ ಅದನ್ನು ಅಭಯಾರಣ್ಯವೆಂದು ಘೋಷಿಸಿದ್ದರು. ಅರಣ್ಯದವರ ಅನುಮತಿಚೀಟಿಯನ್ನು ಪಡೆದು ಅಂಬಿಗನನ್ನು ಗೊತ್ತುಮಾಡಿಕೊಂಡೆವು. ಐವತ್ತು ದಾಟಿದ, ಕಡ್ಡಿಯಂತಹ ಮೈಯ ಮನುಷ್ಯ. ನೂರೈವತ್ತು ರೂಪಾಯಿಗೆ ಒಪ್ಪಿಕೊಂಡನು. ಹರಿಗೋಲಿಗೆ ಕಾಲಿಡುವಾಗ ಅವನು ಕೊಟ್ಟ ಉಪದೇಶವು ಒಂದೇ ವಾಕ್ಯದ್ದು: "ನಡುಮಧ್ಯ ಕುಂತ್ಕಂಡು ಬಾಯಿ ಮುಚ್ಕಂಡಿರಿ ಸಾಮಿ." ವೃತ್ತಿಯಿಂದ ಮಾತುಗಾರರಾದ ಮೂವರು ಉಪಾಧ್ಯಾಯರಿಗೆ ಇದಕ್ಕಿಂತ ಕಠಿಣವಾದ ವ್ರತವಿರಲಾರದು.

ನೀರನ್ನು ಓದುವುದೆಂದರೆ ಏನೆಂಬುದನ್ನು ನಾವು ಅಂದು ಕಂಡೆವು. ಮುಂದೆ ಬಿಳಿಯ ನೊರೆ ಕಂಡಾಗ ನಮಗೆ ಎದೆ ಹೊಡೆದುಕೊಂಡರೆ ಅವನು ನಿಶ್ಚಿಂತನಾಗಿದ್ದನು. ನಮಗೆ ಹಾಯಾಗಿ ತೋರಿದ ಕಡೆಯಲ್ಲಿ ಅವನ ಬೆನ್ನು ಬಿಗಿಯುತ್ತಿತ್ತು. ಕೇಳಿದಾಗ ಹೇಳಿದನು: "ಬೆಳ್ಳಗೆ ಕುಣಿಯೋ ನೀರು ಒಳ್ಳೇದು ಸಾಮಿ, ಕಲ್ಲು ಇಲ್ಲೈತೆ ಅಂತ ಕೂಗಿ ಯೋಳ್ತದೆ. ಎಣ್ಣೆ ಹಂಗೆ ಸುಮ್ಕಿರೋ ನೀರಿಗೆ ಭಯ ಬೀಳ್ಬೇಕು." ಹಾಗೆ ಹೇಳುತ್ತಿರುವಾಗಲೇ ಹರಿಗೋಲನ್ನು ಬೇಕೆಂದು ಒಂದು ಸುತ್ತು ತಿರುಗಿಸಿ, ಎರಡು ಬಂಡೆಗಳ ನಡುವಣ ಮೂರು ಮೊಳದ ಸಂದಿಯಲ್ಲಿ ನಮ್ಮನ್ನು ದಾಟಿಸಿಬಿಟ್ಟನು. ದಾಟಲಾಗದ ಕಡೆಯಲ್ಲಿ ನಮ್ಮನ್ನು ಇಳಿಸಿ, ಹರಿಗೋಲನ್ನು ಕವುಚಿ ತಲೆಯ ಮೇಲೆ ಹೊತ್ತು, ಬಂಡೆಯಿಂದ ಬಂಡೆಗೆ ನಡೆದನು. ಹಿಂದಿನಿಂದ ನೋಡಿದರೆ ಎರಡು ಕಾಲು ಬಂದ ಆಮೆಯಂತೆ ಕಾಣುತ್ತಿದ್ದನು.

ಇಂತಹ ಒಂದು ಕಡೆಯಲ್ಲಿ ನಮ್ಮ ಅಕ್ಕಿಯ ಗಂಟು ನೀರಿಗೆ ಬಿದ್ದಿತು. ನಮ್ಮ ಜೊತೆಗಾರರಲ್ಲಿ ಒಬ್ಬರು ಆಚಾರದಲ್ಲಿ ಬಲು ಕಟ್ಟುನಿಟ್ಟು. ಹೊರಗೆ ಹೋದರೆ ತಾವೇ ಬೇಯಿಸಿಕೊಳ್ಳುವವರು. ಮಧ್ಯಾಹ್ನ ಕಳೆದು ಸಂಜೆಯಾಯಿತು. ಮರಳದಿಣ್ಣೆಯೊಂದರ ಮೇಲೆ ಇರುಳಿಗರ ಒಂದು ಸಂಸಾರವು ಬೀಡುಬಿಟ್ಟಿತ್ತು. ಆ ಮನೆಯಾಕೆಯು ನಮ್ಮ ಮುಖಗಳನ್ನೂ ಅಂಬಿಗನ ಮುಖವನ್ನೂ ನೋಡಿ ಏನೂ ಕೇಳದೆ, ಒಲೆಯ ಮೇಲಿದ್ದ ಮೀನಿನ ಗಡಿಗೆಯನ್ನು ಇಳಿಸಿ ದೂರದಲ್ಲಿಟ್ಟು, ಹೊಳೆಯ ಮರಳಿನಲ್ಲಿ ಬೇರೊಂದು ಪಾತ್ರೆಯನ್ನು ಮೂರು ಸಲ ಉಜ್ಜಿ ತೊಳೆದು ರಾಗಿಯ ಎಸರಿಟ್ಟಳು. ಮುದ್ದೆಗೆ ಹುರುಳಿಯ ಸಾರು. ಆಚಾರ್ಯರು ಮೊದಲು ತಮಗೆ ಹಸಿವಿಲ್ಲವೆಂದರು. ಆಮೇಲೆ ಎರಡು ಮುದ್ದೆ ಉಂಡರು. ಹೊರಡುವಾಗ ಹಣ ಕೊಡಹೋದರೆ ಆಕೆ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿದ್ದ ಬೆಂಕಿಪೊಟ್ಟಣಗಳಲ್ಲಿ ಎರಡನ್ನೂ ಒಂದು ಹಿಡಿ ಉಪ್ಪನ್ನೂ ಕೇಳಿ ಪಡೆದಳು. ಮೀನಿನ ಗಡಿಗೆಯನ್ನು ದೂರವಿಡಬೇಕೆಂದು ಆಕೆಗೆ ಹೇಳಿದವರು ಯಾರು? ಅತಿಥಿಧರ್ಮವನ್ನು ಕುರಿತು ನಾವು ಎಷ್ಟೋ ಸಲ ಪಾಠ ಹೇಳಿದ್ದೇವೆ. ಆ ಪಾಠಕ್ಕೆ ಆಕೆಯನ್ನು ಬಿಟ್ಟು ಬೇರೆ ಉದಾಹರಣೆಯನ್ನು ನಾವು ಆಮೇಲೆ ಹುಡುಕಲಿಲ್ಲ.

ರಾತ್ರಿ ಬೆಂಕಿಯ ಬಳಿ ಕುಳಿತಾಗ ಆಚೆಯ ದಡದಲ್ಲಿ ಆನೆಗಳು ನೀರಿಗಿಳಿದ ಸದ್ದು ಕೇಳುತ್ತಿತ್ತು. ಅಂಬಿಗನು ಅದಕ್ಕೆ ಕಿವಿಗೊಟ್ಟುಕೊಂಡೇ ತನ್ನ ಇನ್ನೊಂದು ಕೆಲಸದ ಮಾತನ್ನು ಎತ್ತಿದನು. ಮುತ್ತತ್ತಿಗೆ ವಿಹಾರಕ್ಕೆ ಬಂದವರು ಸುಳಿಯಲ್ಲಿ ಸಿಕ್ಕಿ ಸಾಯುವುದುಂಟು. ಆಗ ಪೊಲೀಸಿನವರು ಹುಡುಕಿಕೊಂಡು ಬರುವುದು ಇಂತಹ ಅಂಬಿಗರನ್ನು. ಅವನು ಅಷ್ಟರಲ್ಲಿ ಹನ್ನೊಂದು ಹೆಣಗಳನ್ನು ಎತ್ತಿದ್ದನಂತೆ. ಕೊನೆಯದು ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗನದು. ತಂದೆತಾಯಿಗಳು ಬಂದು ಮೆಟ್ಟಿಲ ಮೇಲೆ ಕುಳಿತರು. ಒಂದು ದಿನ ಸಿಕ್ಕಲಿಲ್ಲ, ಎರಡು ದಿನ ಸಿಕ್ಕಲಿಲ್ಲ. ಆ ತಾಯಿ ನೀರನ್ನೇ ನೋಡುತ್ತ ಒಂದು ಗುಟುಕು ನೀರನ್ನೂ ಕುಡಿಯದೆ ಇದ್ದಳಂತೆ. ಅಂಬಿಗನ ಹೆಂಡತಿಯು ಮಜ್ಜಿಗೆ ತಂದು, ಪಕ್ಕದಲ್ಲಿ ಕುಳಿತು, ತನ್ನ ಸತ್ತ ಮಗುವಿನ ಸಂಗತಿಯನ್ನು ಹೇಳಿ ಕುಡಿಸಿದಳು. ಮೂರನೆಯ ದಿನ ಬೆಳಗ್ಗೆ ಇವನು ಬಂಡೆಯ ಪೊಟರೆಯಿಂದ ಹುಡುಗನನ್ನು ಬಿಡಿಸಿ ತಂದನು. ತಂದೆಯು ಜೇಬಿನಲ್ಲಿದ್ದ ನೋಟುಗಳನ್ನೆಲ್ಲ ತೆಗೆದು ಕೈಚಾಚಿದಾಗ ಇವನು ಕೈಮುಗಿದು ಹಿಂದೆ ಸರಿದನು.

"ಯಾಕೆ ತಗಳ್ಳಿಲ್ಲ?" ಎಂದೆವು.

"ಬದುಕಿರೋರ್ನ ದಾಟಿಸಿದ್ರೆ ಕೂಲಿ ಸಾಮಿ. ಇದುಕ್ಕೆ ಕೂಲಿ ಇಸ್ಕಂಡ್ರೆ ನಾಳೆ ಹುಟ್ಟು ಹಿಡಿಯಾಕೆ ಕೈ ಬರಾಕಿಲ್ಲ" ಎಂದನು. ಸ್ವಲ್ಪ ಹೊತ್ತಿನ ಮೇಲೆ, ತಾನಾಗಿಯೇ, "ಆವಮ್ಮ ಆಮೇಲೂ ಎರಡು ಸಲ ಬಂದಿದ್ರು. ನೀರ ತಾವ ಕುಂತಿದ್ದು ಹೋದ್ರು" ಎಂದು ಸೇರಿಸಿದನು.

ಅಮರಕೋಶದಲ್ಲಿ ಅಂಬಿಗನ ಕೂಲಿಗೆ ಆತರವೆಂದೂ ತರಪಣ್ಯವೆಂದೂ ಎರಡು ಹೆಸರುಗಳಿವೆ. ಆ ರಾತ್ರಿ ಅವನು ಹೇಳಿದ, ಕೂಲಿಯಿಲ್ಲದ ಕೆಲಸಕ್ಕೆ ಹೆಸರೊಂದನ್ನು ನಾವು ಯಾವ ಕೋಶದಲ್ಲಿಯೂ ಕಂಡಿಲ್ಲ.

ಮರುದಿನ ಸಂಗಮದಲ್ಲಿ ನಮ್ಮನ್ನು ಇಳಿಸಿ, ಹಣವನ್ನು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹರಿಗೋಲನ್ನು ಬೆನ್ನಿಗೇರಿಸಿ ದಡದ ದಾರಿಯಲ್ಲಿ ಮೇಲಕ್ಕೆ ಹೊರಟನು. ಆ ಪ್ರವಾಹದಲ್ಲಿ ಎದುರಾಗಿ ಬರುವುದು ಹರಿಗೋಲಿಗೆ ಸಾಧ್ಯವಿಲ್ಲ. ಗ್ರೀಕರ ಚರಿತ್ರಕಾರನಾದ ಹೆರೊಡೊಟಸನು ಯೂಫ್ರಟಿಸ್ ನದಿಯ ತೊಗಲಿನ ದುಂಡುದೋಣಿಗಳನ್ನು ವರ್ಣಿಸುತ್ತ, ಅಲ್ಲಿನವರು ಪ್ರತಿ ದೋಣಿಯಲ್ಲಿಯೂ ಒಂದು ಕತ್ತೆಯನ್ನು ಕರೆತಂದು, ಬಾಬಿಲೋನಿನಲ್ಲಿ ಸರಕನ್ನೂ ದೋಣಿಯ ಕಟ್ಟನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಹಿಂದಿರುಗುವರೆಂದು ಹೇಳುತ್ತಾನೆ. ನಮ್ಮವನಿಗೆ ಕತ್ತೆಯೂ ಇರಲಿಲ್ಲ.

ಅದಾದ ಮೇಲೆ ಬಹುಕಾಲ ನಾವು ಆ ಕಡೆಗೆ ಹೋಗಲಾಗಲಿಲ್ಲ. ವೀರಪ್ಪನ್ನನ ಹೆಸರು ಆ ಕಾಡುಗಳನ್ನು ಆಳುತ್ತಿದ್ದ ಕಾಲ. ಮನೆಯಲ್ಲಿ ಕಾವೇರಿಯ ಹೆಸರೆತ್ತಿದರೆ ನಮ್ಮ ಮನೆಯವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಅವನು 2004ರ ಅಕ್ಟೋಬರಿನಲ್ಲಿ ಹತನಾದನು. ಎರಡು ವರ್ಷಗಳ ಮೇಲೆ ಹೋದಾಗ ನಮ್ಮ ಅಂಬಿಗನು ತೀರಿಕೊಂಡಿದ್ದನು. ಅವನ ಮಗನು ಪ್ರವಾಸಿಗರಿಗೆ ತೇಲು ಅಂಗಿಯನ್ನು ತೊಡಿಸಿ ಹರಿಗೋಲಿನಲ್ಲಿ ಸುತ್ತಿಸುತ್ತಿದ್ದನು. ಹೆಣ ಎತ್ತುವ ಕೆಲಸ ಈಗ ಯಾರದೆಂದು ಕೇಳಿದೆವು. ತನ್ನದೇ ಎಂದನು. ಕೂಲಿಯ ಮಾತನ್ನು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಾವೇರಿಯ ದಾರಿ ಮುಚ್ಚಿದ್ದ ಆ ವರ್ಷಗಳಲ್ಲಿಯೇ ನಮಗೆ ಶರಾವತಿಯ ಪರಿಚಯವಾಯಿತು. ಇಲ್ಲಿ ಹೊಳೆಯೆನ್ನುವುದಕ್ಕಿಂತ ಹಿನ್ನೀರೆನ್ನಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ಹಿಂದಕ್ಕೆ ಹಬ್ಬಿದಾಗ ಊರುಗಳು, ಅಡಕೆಯ ತೋಟಗಳು, ಗದ್ದೆಗಳು, ದೇವಸ್ಥಾನಗಳು ಮುಳುಗಿದವು. ಗುಡ್ಡಗಳ ನೆತ್ತಿಗಳು ದ್ವೀಪಗಳಾದವು. ಅದಕ್ಕೂ ಹಿಂದೆ, 1940ರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೆಯೂ ಈ ನೀರಿನೊಳಗೆ ಸೇರಿಹೋಗಿ, ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತದೆ. ಜನರನ್ನು ಲಾರಿಗಳಲ್ಲಿ ತುಂಬಿ ದೂರದ ಕಾಡುಗಳಿಗೆ ಸಾಗಿಸಿದರು. ಕೆಲವರು ಹೋಗದೆ ನೀರಿನ ಅಂಚಿಗೆ ಸರಿದು ಉಳಿದರು.

1994ರ ಮೇ ತಿಂಗಳಲ್ಲಿ ನಾವು ಒಬ್ಬರೇ ಅಂತಹ ಒಂದು ಮನೆಯವರ ದೋಣಿಯಲ್ಲಿ ಮೂರು ದಿನ ಹಿನ್ನೀರಿನ ಕವಲುಗಳನ್ನು ಸುತ್ತಿದೆವು. ಹಲಗೆ ಜೋಡಿಸಿದ ಸಣ್ಣ ದೋಣಿ. ಸಂದಿನಲ್ಲಿ ನೀರು ಜಿನುಗುತ್ತಿತ್ತು. ಹುಟ್ಟು ಹಾಕುತ್ತಿದ್ದವರು ಅರವತ್ತರ ಹತ್ತಿರದ ಅಜ್ಜ. ನೀರನ್ನು ಡಬ್ಬಿಯಿಂದ ಮೊಗೆದು ಚೆಲ್ಲುವ ಅಧಿಕಾರವು ಏಳು ವರ್ಷದ ಮೊಮ್ಮಗಳದು. ನಾವು ಮೇಷ್ಟ್ರೆಂದು ಗೊತ್ತಾದೊಡನೆ ಆ ಹುಡುಗಿ ಹದಿಮೂರರ ಮಗ್ಗಿಯನ್ನು ಕೇಳಬೇಕೆಂದು ಹಟಹಿಡಿದಳು. ಪ್ರತಿ ಗುಣಾಕಾರಕ್ಕೆ ಒಂದು ಡಬ್ಬಿ ನೀರಿನಂತೆ ಹೇಳಿ ಮುಗಿಸಿ, ಹದಿಮೂರು ಹತ್ತಲೆ ನೂರಮೂವತ್ತಕ್ಕೆ ಬರುವಾಗ ದೋಣಿಯನ್ನು ಒಣಗಿಸಿಬಿಟ್ಟಿದ್ದಳು. ಶಾಲೆಯು ಆಚೆಯ ದಡದಲ್ಲಿ. ಮಳೆಗಾಲದಲ್ಲಿ ಗಾಳಿ ಎದ್ದ ದಿನ ಶಾಲೆಯಿಲ್ಲ. ಗಾಳಿಯು ಎದ್ದಿದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುತ್ತಿದ್ದವರು ಅಜ್ಜ. ಮುಖ್ಯೋಪಾಧ್ಯಾಯರಿಗೂ ಇಲ್ಲದ ಅಧಿಕಾರ!

ನೀರು ತಗ್ಗಿದ ಕಾಲವಾದುದರಿಂದ ಮುಳುಗಿದ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿದ್ದವು. ಅಜ್ಜನು ಅವುಗಳ ನಡುವೆ ಬೀದಿಯಲ್ಲಿ ನಡೆಯುವವನಂತೆ ತಿರುವು ತೆಗೆದುಕೊಂಡು ಹೋಗುತ್ತಿದ್ದನು. ವಾಸ್ತವವಾಗಿ ಅದು ಬೀದಿಯೇ ಆಗಿತ್ತು. ಒಂದು ಕಡೆಯಲ್ಲಿ ಹುಟ್ಟನ್ನು ಮೇಲೆತ್ತಿ ಸುಮ್ಮನಾದನು. "ಇದು ನಮ್ಮ ಅಂಗಳ, ಮೇಷ್ಟ್ರೇ" ಎಂದನು. ನೀರನ್ನು ಬೊಗಸೆಯಲ್ಲಿ ತೆಗೆದು ಕಣ್ಣಿಗೆ ಒತ್ತಿಕೊಂಡನು. ಹುಡುಗಿಯು ಇದನ್ನು ಎಷ್ಟೋ ಸಲ ಕಂಡವಳಂತೆ ಡಬ್ಬಿಯನ್ನು ಕೆಳಗಿಟ್ಟು ಕೈಕಟ್ಟಿ ಕುಳಿತಳು.

ಆ ದಿನ ಸಂಜೆ ಅವರ ಮನೆಯಲ್ಲಿ ಚಿಮಣಿಯ ಬೆಳಕಿನಲ್ಲಿ ಗಂಜಿಯೂಟವಾಯಿತು. ಆ ನೀರಿನಿಂದ ನಡೆಯುವ ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯವು ಸಾವಿರ ಮೆಗಾವಾಟ್‌ಗೂ ಮೇಲು. ನೀರನ್ನು ಕೊಟ್ಟವರ ಮನೆಯಲ್ಲಿ ಸೀಮೆಎಣ್ಣೆಯ ಚಿಮಣಿ. ಊಟವಾದ ಮೇಲೆ ಅಜ್ಜನು ಮಾಡಿನ ಎಡೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದವನ್ನು ತೆಗೆದನು. "ಇದನ್ನು ಒಂದು ಸಲ ಓದಿ ಹೇಳಿ ಮಾರಾಯ್ರೇ" ಎಂದನು. ಮುಳುಗಿದ ಜಮೀನಿಗೆ ಅವನ ತಂದೆಯ ಹೆಸರಿನಲ್ಲಿ ಕೊಟ್ಟ ಪರಿಹಾರದ ರಸೀದಿಯದು. ಸರ್ವೆ ನಂಬರು, ಎಕರೆ, ಗುಂಟೆ, ರೂಪಾಯಿ, ಆಣೆಗಳ ವಿವರ. ನಿಧಾನವಾಗಿ ಓದಿದೆವು. ಕೇಳಿ ತಲೆಯಾಡಿಸಿ, "ಸರಿ. ಹೋದ ವರ್ಷ ಬಂದ ಡಾಕ್ಟರೂ ಹೀಗೇ ಓದಿದರು" ಎಂದು ಮಡಚಿಕೊಂಡನು. ದೋಣಿ ಹತ್ತಿದ ಅಕ್ಷರಸ್ಥರಿಂದೆಲ್ಲ ಅದನ್ನು ಓದಿಸುವುದು ಅವನ ಪದ್ಧತಿ. ಒಬ್ಬರಾದರೂ ಬೇರೆಯಾಗಿ ಓದಿಯಾರೋ, ಅದರಲ್ಲಿ ಇನ್ನೂ ಏನಾದರೂ ಇದ್ದೀತೋ ಎಂಬ ಆಸೆಯಿತ್ತೋ ಏನೋ. ಮೂವತ್ತು ವರ್ಷ ಹಳೆಯ ಕಾಗದ, ಮಡಿಕೆಗಳಲ್ಲಿ ಹರಿದಿತ್ತು. ಆ ದಿನಗಳ ಕೂಲಿಯನ್ನು ಅವನು ತೆಗೆದುಕೊಂಡನು, ಆದರೆ ಓದಿದ ದಿನದ್ದನ್ನು ಬಿಟ್ಟನು. ಓದಿದುದಕ್ಕೆ ಅದು ಸಮನಾಯಿತೆಂದು ಅವನ ಲೆಕ್ಕ.

ಶರಾವತಿಯ ಸಂತ್ರಸ್ತರ ಹಕ್ಕುಪತ್ರಗಳ ಪ್ರಶ್ನೆಯು ಅನೇಕ ಕುಟುಂಬಗಳ ಪಾಲಿಗೆ ಇಂದಿಗೂ ಬಗೆಹರಿದಿಲ್ಲ. ಆದರೆ ಒಂದು ಕೆಲಸವಾಗಿದೆ. ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ ಹಿನ್ನೀರಿಗೆ ಅಡ್ಡಲಾಗಿ ಎರಡೂಕಾಲು ಕಿಲೋಮೀಟರಿಗೂ ಮೀರಿದ ಸೇತುವೆಯು 2025ರ ಜುಲೈ 14ರಂದು ತೆರೆಯಿತು. ಆ ವರ್ಷವೇ ನಾವು ನಿವೃತ್ತರಾದವರು, ಅಕ್ಟೋಬರಿನಲ್ಲಿ ಹೋದೆವು. ಲಾಂಚಿಗಾಗಿ ಗಂಟೆಗಟ್ಟಲೆ ಕಾದು ದಾಟುತ್ತಿದ್ದ ನೀರನ್ನು ಬಸ್ಸು ಕೆಲವೇ ನಿಮಿಷಗಳಲ್ಲಿ ದಾಟಿಸಿತು. ನಮ್ಮ ಪಕ್ಕದಲ್ಲಿದ್ದ ಪಟ್ಟಣದ ಯಾತ್ರಿಕರೊಬ್ಬರು, ಲಾಂಚಿನ ಸೊಗಸು ಹೋಯಿತೆಂದು ಮರುಗುತ್ತಿದ್ದರು. ಮುಂದಿನ ಸೀಟಿನ ಹೆಂಗಸು ತಿರುಗಿ, "ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದವರನ್ನು ಕೇಳಿ, ಸೊಗಸು ಹೇಳುತ್ತಾರೆ" ಎಂದಳು. ನಮ್ಮ ಅಭಿಪ್ರಾಯವೂ ಅದೇ. ಹರಿಗೋಲನ್ನೂ ದೋಣಿಯನ್ನೂ ಪ್ರೀತಿಸಿದ ನಾವು ಸೇತುವೆಯ ವಿಷಯದಲ್ಲಿ ಒಂದು ಅಪಸ್ವರವನ್ನೂ ಎತ್ತಲಾರೆವು. ದಾಟಬೇಕಾದವರು ಅವರು, ನಾವು ರಜೆಗೆ ಹೋದವರು.

ವಿಚಾರಿಸಿಕೊಂಡು ಆ ಮನೆಯನ್ನು ಕಂಡುಹಿಡಿದೆವು. ಅಜ್ಜನು ಹೋಗಿ ಹದಿನೇಳು ವರ್ಷವಾಗಿತ್ತು. ಡಬ್ಬಿಯ ಹುಡುಗಿಯು ಈಗ ಎರಡು ಮಕ್ಕಳ ತಾಯಿ, ಅಂಗನವಾಡಿಯಲ್ಲಿ ಕೆಲಸ, ತವರಿನಲ್ಲಿಯೇ ಇದ್ದಾಳೆ. ನಮ್ಮ ಗುರುತು ಅವಳಿಗೆ ಹತ್ತಲಿಲ್ಲ. ಹದಿಮೂರರ ಮಗ್ಗಿಯ ಮಾತೆತ್ತಿದ ಮೇಲೆ ನಕ್ಕು, ಒಳಕ್ಕೆ ಹೋಗಿ ಚಹಾ ತಂದಳು. ಮನೆಯಲ್ಲಿ ವಿದ್ಯುದ್ದೀಪವಿತ್ತು. ಆ ಕಾಗದವಿದೆಯೇ ಎಂದು ನಾವು ಕೇಳುವ ಮುನ್ನವೇ ಅವಳು ಅದನ್ನು ತಂದಳು. ಈಗ ಎರಡು ಗಾಜುಗಳ ನಡುವೆ ಇರಿಸಿದ್ದಾರೆ. ಓದಲು ಕನ್ನಡಕ ತೆಗೆಯುತ್ತಿದ್ದೆವು. "ಬೇಡ ಸಾರ್, ನಾನೇ ಓದುತ್ತೇನೆ" ಎಂದು, ಸರ್ವೆ ನಂಬರಿನಿಂದ ಆಣೆಯವರೆಗೆ ಎಲ್ಲಿಯೂ ತಡೆಯದೆ ಓದಿದಳು. ಅಜ್ಜ ಕೊನೆಯ ವರ್ಷಗಳಲ್ಲಿ ಬೇರೆಯವರಿಂದ ಓದಿಸುವುದನ್ನು ಬಿಟ್ಟು ಇವಳಿಂದಲೇ ಓದಿಸಿಕೊಳ್ಳುತ್ತಿದ್ದನಂತೆ.

ದೋಣಿಯು ಕೊಟ್ಟಿಗೆಯ ಹಿಂದೆ ಕವುಚಿ ಬಿದ್ದಿತ್ತು. ಕೆಳಗೆ ಕೋಳಿಗಳು ಸೇರಿಕೊಂಡಿದ್ದವು. ಹೋಟೆಲಿನವರೊಬ್ಬರು ಬಂದು, ಅದರಲ್ಲಿ ಮಣ್ಣು ತುಂಬಿ ಹೂವಿನ ಗಿಡ ಹಾಕುವೆವೆಂದು ಐದು ಸಾವಿರ ರೂಪಾಯಿ ಹೇಳಿದರೆಂದಳು. ಕೊಡಲಿಲ್ಲವೇ ಎಂದೆವು.

"ಇಲ್ಲ ಸಾರ್. ಮೇ ತಿಂಗಳಿನಲ್ಲಿ ನೀರು ಇಳಿದಾಗ ಅಂಗಳಕ್ಕೆ ಹೋಗಬೇಕಲ್ಲ. ಅಲ್ಲಿಗೆ ಸೇತುವೆ ಇಲ್ಲ."